ಬೀದರಿನ ಕರೇಜ್ ಮೇಲೆ ಮನೆ ಏಳುವ ಮೊದಲು: ಒಂದು ಬಹಿರಂಗ ಪತ್ರ

ಬೀದರಿನ ಹಳೆಯ ನೀರಿನ ನೆಲೆಗಳ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ, ಜನಪ್ರತಿನಿಧಿಗಳಿಗೆ, ಮತ್ತು ನೌಬಾದ್ ಸುತ್ತಮುತ್ತ ಜಮೀನು, ಪ್ಲಾಟು ಇರುವ ಎಲ್ಲರಿಗೂ,

ಮಾನ್ಯರೇ, ನಮಸ್ಕಾರ.

ಬೀದರ್ ಪಕ್ಕದ ನೌಬಾದಿನ ನೆಲದಡಿ ಹರಿಯುವ ಕರೇಜ್, ಅಂದರೆ ಹಳೆಯ ಕಾಲದ ನೀರಿನ ಸುರಂಗದ ಬಗ್ಗೆ ಈ ಪತ್ರ. ಕೋಟೆ ಬಗ್ಗೆ, ಮಹಮೂದ್ ಗವಾನ್ ಮದರಸಾ ಬಗ್ಗೆ, ಅಷ್ಟೂರಿನ ಗುಮ್ಮಟಗಳ ಬಗ್ಗೆ ಮಾತಾಡುವವರು ಬಹಳ ಜನ ಇದ್ದಾರೆ. ಅವು ಕಣ್ಣಿಗೆ ಕಾಣುತ್ತವೆ, ಒಂದು ಕಲ್ಲು ಉದುರಿದರೂ ಯಾರೋ ಒಬ್ಬರು ಫೋಟೋ ತೆಗೆದು ಹಾಕುತ್ತಾರೆ. ಕರೇಜ್ ಹಾಗಲ್ಲ. ಅದು ಹಾಳಾಗುತ್ತಿದ್ದರೆ ಮೇಲೆ ನಿಂತವರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಅಲ್ಲಿ ಮನೆಗೆ ಪಾಯ ಬಿದ್ದಿರುತ್ತದೆ.

ನಾನು ಹುಟ್ಟಿ ಬೆಳೆದದ್ದು ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನಲ್ಲಿ, ಕಾಸರಗೋಡಿನ ಗಡಿಗೆ ಹತ್ತಿರದ ಹಳ್ಳಿಯಲ್ಲಿ. ಕೆಲಸದ ಮೇಲೆ ಬೀದರಿಗೆ ಬಂದು ಇಲ್ಲೇ ನೆಲೆಸಿದ್ದೇನೆ. ನಮ್ಮ ಕಡೆ ಸುರಂಗ ಎಂದರೆ ಕಥೆಯೂ ಅಲ್ಲ, ಇತಿಹಾಸವೂ ಅಲ್ಲ. ಮನೆ ಹಿಂದಿನ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಒಳಗಿನ ಒಸರನ್ನು ಹೊರಗೆ ತರುವ ದಾರಿ ಅದು. ಆ ನೀರು ಅಂಗಳದ ತೊಟ್ಟಿಗೆ ಬಂದು ಬೀಳುತ್ತದೆ, ಅಡುಗೆಗೂ ಅದೇ, ಅಡಿಕೆ ತೋಟಕ್ಕೂ ಅದೇ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಣಗುಡ್ಡದಲ್ಲಿ ಒಂದಾದ ಮೇಲೊಂದು ಸುರಂಗ ಕೊರೆದು, ನೀರು ಸಿಗದಿದ್ದರೂ ಬಿಡದೆ, ಕೊನೆಗೆ ನೀರು ಕಂಡು ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಥ ನೆಲದಿಂದ ಬಂದ ನನಗೆ ಬೀದರಿನ ಕರೇಜ್ ನೋಡಿದಾಗ ಮೊದಲು ಹೊಳೆದದ್ದು ಪಾಳುಬಿದ್ದ ಸ್ಮಾರಕ ಅಂತ ಅಲ್ಲ. ಇದು ನೀರಿನ ಕೆಲಸ, ಇನ್ನೂ ಜೀವ ಇರುವ ಕೆಲಸ ಅಂತ. ಈ ಪತ್ರದಲ್ಲಿ ನಾನು ಹೇಳಬೇಕಾಗಿರುವುದೂ ಇದನ್ನೇ.

ಕರೇಜ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತೊಂದರೆ ಎಲ್ಲಿದೆ ಅಂತ ತಿಳಿಯಲು ಅದು ಬೇಕು. ಬೀದರ್ ನಿಂತಿರುವುದು ಕೆಂಪು ಮುರಕಲ್ಲಿನ ಎತ್ತರದ ಬಯಲಿನ ಮೇಲೆ. ಈ ಕಲ್ಲಿನ ಮೈ ತುಂಬ ತೂತು, ಬಿದ್ದ ಮಳೆಯನ್ನು ಹೀರಿಕೊಳ್ಳುತ್ತದೆ. ಅದರ ಕೆಳಗೆ ಗಟ್ಟಿಯಾದ ಕಪ್ಪು ಬಸಾಲ್ಟ್ ಬಂಡೆ. ಮೇಲಿಂದ ಇಳಿದ ನೀರು ಈ ಎರಡು ಕಲ್ಲು ಸೇರುವಲ್ಲಿ ತಡೆದು ನಿಲ್ಲುತ್ತದೆ. ಬಯಲಿನ ಅಂಚಿನಲ್ಲಿ ಆ ನೀರು ತಾನಾಗಿ ಹೊರಗೆ ಬಂದರೆ ಅದು ಊಟೆ, ಇಲ್ಲಿನವರ ಬಾಯಲ್ಲಿ ಝರಣಿ, ಝೀರಾ. ನರಸಿಂಹ ಝರಣಿಯಲ್ಲಿ ಭಕ್ತರು ಗುಹೆಯೊಳಗೆ ಸೊಂಟದ ಮಟ್ಟದ ನೀರಲ್ಲಿ ನಡೆದು ದೇವರ ದರ್ಶನ ಮಾಡುವುದು, ಗುರುನಾನಕ್ ಝೀರಾದಲ್ಲಿ ತೀರ್ಥ ಹರಿಯುವುದು, ಇದೆಲ್ಲ ಈ ಕೆಂಪು ಕಲ್ಲಿನ ಕೊಡುಗೆ. ನೀರು ತಾನಾಗಿ ಬರದ ಕಡೆ ಅದನ್ನು ಕರೆದುಕೊಂಡು ಬರಲು ಮಾಡಿದ್ದು ಕರೇಜ್. ಎತ್ತರದ ಜಾಗದಲ್ಲಿ ನೀರು ಸಿಗುವವರೆಗೆ ಒಂದು ತಾಯಿಬಾವಿ ತೋಡುವುದು, ಅಲ್ಲಿಂದ ಸಣ್ಣ ಇಳಿಜಾರಿನಲ್ಲಿ ನೆಲದಡಿಯೇ ಸುರಂಗ ಕೊರೆಯುತ್ತ ಹೋಗುವುದು, ನಡುನಡುವೆ ಮೇಲಿಂದ ನೇರ ಬಾವಿಗಳನ್ನು ಇಳಿಸುವುದು. ಅಗೆದ ಮಣ್ಣು ಮೇಲೆ ಬರಲು, ಒಳಗೆ ಗಾಳಿ ಆಡಲು, ಮುಂದೆ ಹೂಳು ತೆಗೆಯಲು, ದಾರಿಯಲ್ಲಿ ಇದ್ದವರು ಹಗ್ಗ ಬಿಟ್ಟು ನೀರು ಸೇದಲು, ಎಲ್ಲಕ್ಕೂ ಆ ಬಾವಿಗಳೇ ಬೇಕು. ಪಂಪು ಬೇಡ, ಕರೆಂಟು ಬೇಡ. ನೀರು ಇಳಿಜಾರು ಹಿಡಿದು ತಾನೇ ಬರುತ್ತದೆ.

ಈ ವಿದ್ಯೆ ಇಲ್ಲಿಗೆ ಬಂದದ್ದು ಇರಾನಿನಿಂದ. ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಕಾಲದಲ್ಲಿ ಈ ಊರಿಗೂ ಇರಾನಿನ ಕೆರ್ಮಾನ್ ಸೀಮೆಗೂ ದೊಡ್ಡ ನಂಟು ಇತ್ತು. ಅಲ್ಲಿನ ಸೂಫಿ ಶಾ ನಿಯಾಮತುಲ್ಲಾ ಅವರ ಮನೆತನದವರು ಬೀದರಿಗೆ ಬಂದು ನೆಲೆಸಿದರು, ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ ಆ ಮನೆತನದ ಖಲೀಲುಲ್ಲಾ ಅವರ ಗೋರಿ. ಅತ್ತ ಕೆರ್ಮಾನಿನ ಮಾಹಾನ್ ಊರಲ್ಲಿ ಶಾ ನಿಯಾಮತುಲ್ಲಾ ಅವರ ಗೋರಿಯ ಕಟ್ಟಡಕ್ಕೆ ಹಣ ಕೊಟ್ಟದ್ದು ನಮ್ಮ ಅಹ್ಮದ್ ಶಾ. ಆ ಸೀಮೆಯ ಜನ ನೂರಾರು ವರ್ಷಗಳಿಂದ ಕನಾತ್ (ಕರೇಜಿಗೆ ಅಲ್ಲಿನ ಹೆಸರು) ನೀರಿನಲ್ಲೇ ಬದುಕಿದವರು. 2016ರಲ್ಲಿ ಇರಾನಿನ 11 ಕನಾತ್‌ಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅದೇ ವಂಶದ ಕೂಸು ನಮ್ಮ ನೌಬಾದಿನಲ್ಲಿದೆ.

ಈಗ ನಾನು ಕಂಡದ್ದನ್ನು ಹೇಳುತ್ತೇನೆ.

ನೌಬಾದ್ ಕರೇಜ್ ಎರಡು ಕಿಲೋಮೀಟರಿಗೂ ಉದ್ದ ಇದೆ, ಇಪ್ಪತ್ತಕ್ಕೂ ಜಾಸ್ತಿ ಬಾವಿಗಳಿವೆ. ಇದರ ಜಾಡನ್ನು ನಮ್ಮ ಕಾಲದಲ್ಲಿ ಹುಡುಕಿ ನಕ್ಷೆಗೆ ಇಳಿಸಲು ದುಡಿದವರು ಕೇರಳದ ಭೂಗೋಳದ ಪ್ರಾಧ್ಯಾಪಕ ಗೋವಿಂದನ್‌ಕುಟ್ಟಿ. ಆ ಜಾಡು ಹಿಡಿದು ಒಂದು ಬಾವಿಯ ಬಾಯಿಯಿಂದ ಇನ್ನೊಂದಕ್ಕೆ ಕಾಲ್ನಡಿಗೆಯಲ್ಲಿ ಹೋಗುವುದು ನನಗೆ ರೂಢಿ. ಬೆಳಿಗ್ಗೆ ಬೇಗ ಹೊರಟರೆ ಬಿಸಿಲು ಏರುವ ಮೊದಲು ಮುಗಿಯುತ್ತದೆ. ಕೆಲವು ಬಾಯಿಗಳಿಗೆ ಕಟ್ಟೆ ಇದೆ, ಜಾಳಿ ಇದೆ, ಬಗ್ಗಿ ನೋಡಿದರೆ ಕೆಳಗೆ ನೀರು ಮಿನುಗುತ್ತದೆ. ಕೆಲವಕ್ಕೆ ಏನೂ ಇಲ್ಲ. ಹುಲ್ಲು ಬೆಳೆದ ಬಯಲಲ್ಲಿ ನೆಲದ ಮಟ್ಟಕ್ಕೆ ಬಾಯಿ ತೆರೆದುಕೊಂಡು ನಿಂತಿವೆ, ಕತ್ತಲಾದ ಮೇಲೆ ಆ ಕಡೆ ಹೋದವರು, ಆಡು ಕಾಯುವ ಮಕ್ಕಳು, ಯಾರು ಬೇಕಾದರೂ ಬೀಳಬಹುದು. ಒಂದು ಬಾಯಿಯಲ್ಲಿ ಪ್ಲಾಸ್ಟಿಕ್ ಚೀಲ, ಒಡೆದ ಟೈಲ್ಸು, ಹಳೇ ಹಾಸಿಗೆ. ಇನ್ನೊಂದಕ್ಕೆ ಕೋಳಿ ಅಂಗಡಿಯ ಕಸ ಬೀಳುತ್ತಿದೆ, ಹತ್ತಿರ ನಿಲ್ಲಲು ಆಗುವುದಿಲ್ಲ. ಮತ್ತೊಂದರ ಜಾಗ ನನಗೆ ಗೊತ್ತಿತ್ತು, ಮೊದಲು ನೋಡಿದ್ದೆ. ಹೋದ ಬೇಸಿಗೆಯಲ್ಲಿ ಹೋದಾಗ ಅಲ್ಲಿ ಮುರಂ ಮಣ್ಣು ತುಂಬಿ ಸಮ ಮಾಡಿದ್ದರು, ಸುತ್ತ ಸುಣ್ಣದ ಗೆರೆ, ಗೂಟ.

ಅಲ್ಲೇ ಪಕ್ಕದ ಹೊಲದ ಹಿರಿಯರೊಬ್ಬರನ್ನು ಕೇಳಿದೆ. "ಇದರಾಗ ನೀರ್ ಅದಾ ರೀ, ಬ್ಯಾಸಗ್ಯಾಗೂ ಬತ್ತಂಗಿಲ್ಲ. ನಮ್ಮ ಮುತ್ಯಾನ ಕಾಲದಾಗ ಇಲ್ಲೇ ಸೇದತಿದ್ರು" ಅಂದರು. ಮುಚ್ಚುವಾಗ ಯಾರಿಗಾದರೂ ಹೇಳಲಿಲ್ಲವಾ ಅಂದರೆ, "ಯಾರಿಗಿ ಹೇಳಬೇಕ್ ಹೇಳ್ರಿ?" ಅಂತ ನನ್ನನ್ನೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನಾನೇ ಒಂದು ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಇದು ನಮ್ಮದಲ್ಲ, ಆ ಕಚೇರಿಗೆ ಹೋಗಿ ಅಂದರು. ಆ ಕಚೇರಿಯಲ್ಲಿ ಜಾಗದ ಸರ್ವೆ ನಂಬರು ಕೇಳಿದರು. ಸರ್ವೆ ನಂಬರು ಹುಡುಕಿ ಕೊಟ್ಟರೆ, ಪಹಣಿಯಲ್ಲಿ ಬಾವಿ ಅಂತ ಏನೂ ನಮೂದಾಗಿಲ್ಲವಲ್ಲ, ಖಾಸಗಿ ಜಾಗದಲ್ಲಿ ನಾವೇನು ಮಾಡಲು ಬರುತ್ತದೆ ಅಂದರು. ಅಲ್ಲಿದ್ದವರು ಕೆಟ್ಟವರಲ್ಲ, ಸಿಡುಕಲಿಲ್ಲ, ಕುರ್ಚಿ ಕೊಟ್ಟು ಕೂರಿಸಿಯೇ ಮಾತಾಡಿದರು. ಆದರೆ ಅವರ ಮುಂದಿನ ಕಾಗದದಲ್ಲಿ ಕರೇಜ್ ಅನ್ನುವುದು ಇರಲೇ ಇಲ್ಲ. ಸಮಸ್ಯೆಯ ಬೇರು ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಕಾನೂನು ಸ್ಮಾರಕ ಎಂದರೆ ನೆಲದ ಮೇಲಿನ ಕಟ್ಟಡ ಎಂದುಕೊಂಡು ನಡೆಯುತ್ತದೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ಗುಮ್ಮಟಕ್ಕೆ ಇದು ಸರಿ, ಮಧ್ಯದಲ್ಲಿ ಗುಮ್ಮಟ, ಸುತ್ತ ಒಂದು ಬಳಸು. ಕರೇಜ್ ಉದ್ದಕ್ಕೆ ಓಡುವ ಗೆರೆ. ಅದು ಹತ್ತಾರು ಜನರ ಜಮೀನಿನ ಕೆಳಗೆ, ರಸ್ತೆಯ ಕೆಳಗೆ, ನಾಳೆ ಎನ್‌ಎ (ಕೃಷಿಯೇತರ ಜಮೀನು) ಆಗಲಿರುವ ಹೊಲದ ಕೆಳಗೆ ಹೋಗುತ್ತದೆ. ಮೆಟ್ಟಿಲು ಇರುವ ಒಂದು ಬಾಯಿಯ ಹತ್ತಿರ ಬೋರ್ಡು ಹಾಕಿ ಕರೇಜ್ ಉಳಿಸಿದೆವು ಅಂದರೆ, ಮೇಲಿನ ಎರಡು ಕಿಲೋಮೀಟರ್ ಕೈಬಿಟ್ಟ ಹಾಗೆ. ಮೇಲ್ಗಡೆ ಎಲ್ಲೋ ಒಂದು ಕಡೆ ಸುರಂಗ ಕುಸಿದರೆ ಕೆಳಗಡೆ ಎಷ್ಟು ಚೆಂದ ಮಾಡಿಟ್ಟರೂ ಅಲ್ಲಿಗೆ ನೀರು ಬರುವುದಿಲ್ಲ.

ಈ ವಿಷಯದಲ್ಲಿ ಹಳೆಯವರಿಗೆ ನಮಗಿಂತ ಜಾಸ್ತಿ ತಿಳಿವಳಿಕೆ ಇತ್ತು. ಇರಾನಿನಲ್ಲಿ ಕನಾತ್ ಸುತ್ತ ಹರೀಮ್ ಅಂತ ಒಂದು ಕಟ್ಟಳೆ ಇದೆ, ಇಂತಿಷ್ಟು ದೂರದೊಳಗೆ ಇನ್ನೊಬ್ಬ ಹೊಸ ಬಾವಿ ತೋಡುವ ಹಾಗಿಲ್ಲ. ಜಮೀನು ಅವನದ್ದೇ ಆಗಿರಬಹುದು, ನೀರು ಕಸಿಯುವ ಹಕ್ಕು ಅವನಿಗಿಲ್ಲ. ಬೀದರಿನಲ್ಲಿ ಇದು ಇನ್ನೂ ಮುಖ್ಯ. ಇಲ್ಲಿ ಕರೇಜಿನ ನೀರು ನಿಂತಿರುವುದು ಮುರಕಲ್ಲಿನ ತಳದಲ್ಲಿ, ಬಸಾಲ್ಟಿನ ಮೇಲೆ. ಪಕ್ಕದಲ್ಲೇ ಬೋರ್‌ವೆಲ್ ಕೊರೆದು, ಮೇಲಿನ ಪದರಕ್ಕೆ ಕೇಸಿಂಗ್ ಪೈಪು ಸರಿಯಾಗಿ ಹಾಕದೆ ಬಂಡೆಯೊಳಗೆ ನೂರಾರು ಅಡಿ ಇಳಿದರೆ, ಮೇಲೆ ನಿಂತಿದ್ದ ನೀರು ಆ ತೂತಿನಲ್ಲಿ ಕೆಳಗಿನ ಬಿರುಕುಗಳಿಗೆ ಸೋರಿ ಹೋಗಬಹುದು. ಆಮೇಲೆ ಸುರಂಗವೂ ಒಣ, ಸೇದುಬಾವಿಗಳೂ ಒಣ.

ಇನ್ನೊಂದು ಅಪಾಯ ಪಾಯಖಾನೆ ಗುಂಡಿ. ಹೊಸ ಬಡಾವಣೆಗಳಲ್ಲಿ ಒಳಚರಂಡಿ ಬರುವ ಮೊದಲೇ ಮನೆ ಏಳುತ್ತವೆ, ಎಲ್ಲರೂ ಇಂಗುಗುಂಡಿ ತೋಡುತ್ತಾರೆ. ಮುರಕಲ್ಲಿಗೆ ಮಳೆನೀರು ಯಾವುದು, ಗುಂಡಿ ನೀರು ಯಾವುದು ಅಂತ ಗೊತ್ತಿಲ್ಲ, ಎರಡನ್ನೂ ಒಂದೇ ಥರ ಹೀರುತ್ತದೆ. ಕರೇಜ್ ಮೇಲೆ ಇಂಥ ನೂರು ಮನೆ ಬಂದರೆ ಸುರಂಗ ಗಟ್ಟಿಯಾಗಿ ನಿಂತಿದ್ದರೂ ಅದರ ನೀರನ್ನು ಬಾಯಿಗೆ ಹಾಕಲು ಆಗುವುದಿಲ್ಲ. ಕಸ ತೆಗೆಯಬಹುದು, ಹೂಳು ತೆಗೆಯಬಹುದು. ಇದನ್ನು ತೆಗೆಯುವುದು ಹೇಗೆ?

ಒಳಗಿನ ಮಾತನ್ನೂ ಹೇಳಬೇಕು. ಹೂಳು ತೆಗೆದ ಭಾಗದಲ್ಲಿ, ಒಳಗಿನ ದಾರಿ ಗೊತ್ತಿದ್ದವರ ಜೊತೆ, ಟಾರ್ಚ್ ಹಿಡಿದು ಸ್ವಲ್ಪ ದೂರ ನಡೆದಿದ್ದೇನೆ. ಮೆಟ್ಟಿಲು ಇಳಿದ ಕೂಡಲೇ ಹೊರಗಿನ ಬೀದರಿನ ಬಿಸಿಲು ಮರೆತುಹೋಗುತ್ತದೆ, ಅಷ್ಟು ತಂಪು. ಗೋಡೆಯ ಮೇಲೆ ಕಲ್ಲು ಕಡಿದವರ ಏಟಿನ ಗುರುತು ಸಾಲಾಗಿ ಇದೆ, ಕೈಯಿಟ್ಟರೆ ಬೆರಳಿಗೆ ಸಿಗುತ್ತದೆ. ನೀರು ಕಾಲಿಗೆ ತಾಗುತ್ತ ನಿಧಾನವಾಗಿ ಮುಂದೆ ಹೋಗುತ್ತಲೇ ಇರುತ್ತದೆ. ಸ್ವಲ್ಪ ದೂರಕ್ಕೆ ಮೇಲಿನ ಬಾಯಿಯಿಂದ ಬೆಳಕು ಬೀಳುತ್ತದೆ, ಅದನ್ನು ದಾಟಿದರೆ ಮತ್ತೆ ಕತ್ತಲೆ, ಬಾವಲಿಗಳ ಸದ್ದು. ಮಟ್ಟ ನೋಡುವ ಈಗಿನ ಯಂತ್ರ ಯಾವುದೂ ಇಲ್ಲದ ಕಾಲದಲ್ಲಿ, ನೆಲದಡಿ, ಎಣ್ಣೆ ದೀಪದ ಬೆಳಕಲ್ಲಿ ಇಷ್ಟು ಉದ್ದಕ್ಕೆ ಇಳಿಜಾರು ತಪ್ಪದಂತೆ ಕೊರೆದವರ ಹೆಸರು ಯಾವ ಶಾಸನದಲ್ಲೂ ನನಗೆ ಸಿಕ್ಕಿಲ್ಲ. ಕೋಟೆಯ ಮೂರು ಸುತ್ತಿನ ಕಂದಕವನ್ನು ಇದೇ ಕೆಂಪು ಕಲ್ಲಿನಲ್ಲಿ ಕಡಿದ ಊರು ಇದು, ಕೋಟೆಯೊಳಗೆ ಹಜಾರ್ ಕೋಠಡಿ ಅಂತ ನೆಲದಡಿ ಕೋಣೆಗಳನ್ನು ಮಾಡಿದ ಊರು. ಈ ಜನಕ್ಕೆ ತಮ್ಮ ಕಲ್ಲು ಚೆನ್ನಾಗಿ ಗೊತ್ತಿತ್ತು. ಬಿದರಿ ಕೆಲಸದವರು ಪಾತ್ರೆಗೆ ಕಪ್ಪು ಬಣ್ಣ ಬರಿಸಲು ಇವತ್ತಿಗೂ ಹಳೇ ಕೋಟೆಯ ಮಣ್ಣನ್ನೇ ಹುಡುಕಿಕೊಂಡು ಹೋಗುತ್ತಾರೆ ಅಲ್ವಾ, ಆ ತಿಳಿವಳಿಕೆ ಈ ಊರಿನ ಕೈಯಲ್ಲಿ ಇನ್ನೂ ಇದೆ.

ಇಲ್ಲಿ ಒಳ್ಳೆಯ ಕೆಲಸ ಆಗಿಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕೆಲವು ವರ್ಷಗಳ ಹಿಂದೆ ಭೀಕರ ಬರ ಬಂದಾಗ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿಯವರು ಕೆರೆ, ಬಾವಿಗಳ ಜೊತೆ ಕರೇಜ್ ಹೂಳನ್ನೂ ತೆಗೆಸಲು ಮುಂದಾದರು. 2017ರಲ್ಲಿ ಅವರು ತೀರಿಕೊಂಡಾಗ ಬೀದರಿನ ಜನ ಮನೆಯವರನ್ನು ಕಳೆದುಕೊಂಡಂತೆ ಅತ್ತರು. ಆದರೆ ಒಬ್ಬ ಅಧಿಕಾರಿಯ ಕಾಳಜಿಯ ಮೇಲೆ ಸುರಂಗ ಎಷ್ಟು ವರ್ಷ ನಿಂತೀತು? ನಮ್ಮ ಕರಾವಳಿಯ ಸುರಂಗಗಳು ಉಳಿದಿರುವುದು ಅವುಗಳ ನೀರು ಕುಡಿಯುವ ಮನೆಯವರು ಇರುವುದರಿಂದ. ಮಣ್ಣು ಜರಿದರೆ ಅವರೇ ಒಳಗೆ ಹೋಗುತ್ತಾರೆ, ಅವರೇ ತೆಗೆಯುತ್ತಾರೆ. ಬೀದರಿನ ಮನೆಗಳಿಗೆ ಈಗ ಕಾರಂಜಾ ಜಲಾಶಯದ ನೀರು ನಲ್ಲಿಯಲ್ಲಿ ಬರುತ್ತದೆ, ಕರೇಜ್ ನೀರಿಗೆ ಕೊಡ ಹಿಡಿಯುವವರು ಇಲ್ಲ. ಹಾಗಾಗಿ ಕಾಯುವವರೂ ಇಲ್ಲ. ಆ ಕಾಯುವ ಕೆಲಸವನ್ನು ಸರ್ಕಾರ ಕಾಗದದ ಮೇಲೆ ಯಾರಿಗಾದರೂ ವಹಿಸಲೇಬೇಕು.

ವಿಜಯಪುರದಲ್ಲಿ ಆದಿಲ್ ಶಾಹಿಗಳ ಸುರಂಗ ಬಾವಡಿ ಎಂಬ ನೆಲದಡಿಯ ನೀರಿನ ವ್ಯವಸ್ಥೆ 2020ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನವರ ನಿಗಾ ಪಟ್ಟಿಗೆ ಬಂತು. ದಖನ್ ಸುಲ್ತಾನರ ಸ್ಮಾರಕಗಳ ಗುಂಪಿನಲ್ಲಿ ಬೀದರ್ 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿದೆ. ಇಂಥ ಸುದ್ದಿ ಬಂದಾಗ ನಮಗೆ ಖುಷಿಯಾಗುತ್ತದೆ. ಪಟ್ಟಿ ಮುಂದೆ ಹೋಗಿ ಹೊರಗಿನವರು ನೋಡಲು ಬಂದ ದಿನ ಮುಚ್ಚಿದ ಬಾಯಿಗಳನ್ನು ಎಲ್ಲಿಂದ ತೋರಿಸುವುದು?

ಮಾನ್ಯರೇ, ನಾನು ಕೇಳುವುದು ದೊಡ್ಡ ಹಣದ ಕೆಲಸ ಅಲ್ಲ. ದೀಪಾಲಂಕಾರ ಬೇಡ, ಸೆಲ್ಫಿ ಜಾಗ ಬೇಡ, ಒಳಗೆ ಟೈಲ್ಸ್ ಹಾಕುವುದಂತೂ ಖಂಡಿತ ಬೇಡ. ಮೊದಲು ನೌಬಾದ್ ಕರೇಜಿನ ಪೂರ್ತಿ ಗೆರೆಯನ್ನು, ತಾಯಿಬಾವಿಯಿಂದ ನೀರು ಹೊರಬೀಳುವ ಜಾಗದವರೆಗೆ, ಸರ್ವೆ ಮಾಡಿಸಿ ಗ್ರಾಮ ನಕ್ಷೆಗೂ ನಗರ ಯೋಜನೆಯ ನಕ್ಷೆಗೂ ಸೇರಿಸಿ. ಗೆರೆ ಹಾದುಹೋಗುವ ಪ್ರತಿ ಸರ್ವೆ ನಂಬರಿನ ಪಹಣಿಯಲ್ಲೂ ಅದು ನಮೂದಾಗಲಿ. ಬೀದರಿನ ಇನ್ನೆರಡು ಕರೇಜುಗಳಾದ ಶುಕ್ಲತೀರ್ಥಕ್ಕೂ ಹಳೇ ಊರೊಳಗಿನ ಜಮನಾ ಮೋರಿಗೂ ಉಳಿದಿರುವಷ್ಟಕ್ಕೆ ಇದೇ ಆಗಬೇಕು, ಜಮನಾ ಮೋರಿಯ ಮೇಲಂತೂ ಊರೇ ಕೂತಿದೆ, ಅಲ್ಲಿ ತಡಮಾಡಿದರೆ ಹುಡುಕುವುದೂ ಕಷ್ಟ. ಪ್ರತಿ ಬಾಯಿಯ ಪಕ್ಕ ಒಂದು ಗುರುತಿನ ಕಲ್ಲು ನೆಡಿಸಿ, ಎತ್ತರದ ಕಟ್ಟೆ ಕಟ್ಟಿಸಿ, ಮೇಲೆ ಕಬ್ಬಿಣದ ಜಾಳಿ ಹಾಕಿಸಿ. ಸಿಮೆಂಟ್ ಸ್ಲ್ಯಾಬ್ ಮುಚ್ಚಬೇಡಿ, ಒಳಗೆ ಗಾಳಿ ಆಡದಿದ್ದರೆ ಹೂಳು ತೆಗೆಯಲು ಇಳಿದವರ ಜೀವಕ್ಕೇ ಅಪಾಯ. ಮಣ್ಣು ತುಂಬಿ ಮುಚ್ಚಿರುವ ಬಾಯಿಗಳನ್ನು ಮಳೆಗಾಲದ ಮೊದಲು ತೆರೆಸಿ.

ಲೇಔಟ್ ಅನುಮತಿ ಕೊಡುವ ಮೊದಲು, ಬೋರ್‌ವೆಲ್ ಅನುಮತಿ ಕೊಡುವ ಮೊದಲು ಈ ನಕ್ಷೆ ನೋಡುವುದು ಕಡ್ಡಾಯ ಆಗಲಿ. ಗೆರೆಯ ಎರಡೂ ಕಡೆ ಎಷ್ಟು ದೂರ ಬಿಡಬೇಕು ಅನ್ನುವುದನ್ನು ನೆಲದ ನೀರು ಬಲ್ಲವರು ಹೇಳಲಿ, ನಾನು ಹೇಳುವುದಿಲ್ಲ. ಆದರೆ ಒಂದು ದೂರ ಅಂತ ಬರವಣಿಗೆಯಲ್ಲಿ ನಿಗದಿಯಾಗಬೇಕು. ಆ ದೂರದೊಳಗೆ ಇಂಗುಗುಂಡಿ ಬೇಡ, ಈಗಾಗಲೇ ಮನೆ ಇರುವ ಕಡೆ ಒಳಚರಂಡಿಗೆ ಮೊದಲ ಸರದಿ ಕೊಡಿ. ಕರೇಜ್ ನೀರನ್ನು ವರ್ಷಕ್ಕೆ ಎರಡು ಸಲ, ಮಳೆಗೆ ಮೊದಲು ಮತ್ತು ಮಳೆ ಮುಗಿದ ಮೇಲೆ, ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಬಾಯಿಯ ಹತ್ತಿರವೇ ಬರೆದು ಹಾಕಿ.

ಜನ ನೋಡಲಿ ಅನ್ನುವುದು ನನ್ನ ಆಸೆಯೂ ಹೌದು. ಕೋಟೆ ನೋಡಲು ಬಂದವರು ಅರ್ಧ ದಿನ ಇಲ್ಲಿ ನಡೆಯುವಂತಾದರೆ ಎಷ್ಟು ಚೆನ್ನ. ಮೇಲಿನ ಗೆರೆಯ ಉದ್ದಕ್ಕೂ ಕಾಲುದಾರಿ ಸಾಕು, ಅದು ಎಲ್ಲರಿಗೂ ತೆರೆದಿರಲಿ. ಒಳಗೆ ಮಾತ್ರ ಗಟ್ಟಿ ಇರುವ ಸಣ್ಣ ಭಾಗ, ಗಾಳಿ ಪರೀಕ್ಷೆ ಮಾಡಿದ ಮೇಲೆ, ತರಬೇತಿ ಆದ ಊರಿನ ಹುಡುಗರ ಜೊತೆ, ಕೆಲವೇ ಜನ. ಮಳೆಗಾಲದಲ್ಲಿ ಬೀಗ. ನಮ್ಮೂರಲ್ಲಿ ಸುರಂಗ ಕೊರೆಯುವವರು ಮೇಣದ ಬತ್ತಿ ಹಿಡಿದು ಹೋಗುತ್ತಾರೆ, ಬತ್ತಿ ಆರಿದರೆ ಗಾಳಿ ಸಾಲದು ಅಂತ ಹೊರಗೆ ಓಡಿ ಬರುತ್ತಾರೆ. ಇಲ್ಲಿ ವಿಡಿಯೋ ಮಾಡುವ ಹುಡುಗರು ಜಾಳಿ ಇಲ್ಲದ ಬಾಯಿಗೆ ಹಗ್ಗ ಬಿಟ್ಟು ಇಳಿಯುವುದನ್ನು ನೋಡಿದ್ದೇನೆ, ಎದೆ ಧಸಕ್ ಅಂತು. ಒಂದು ಸಾವಾದ ಮೇಲೆ ಎಲ್ಲವನ್ನೂ ಶಾಶ್ವತವಾಗಿ ಮುಚ್ಚಿಬಿಡುವುದು ಸುಲಭ. ಅದಕ್ಕೂ ಮೊದಲು ವ್ಯವಸ್ಥೆ ಮಾಡಿ ಅನ್ನುವುದು ನನ್ನ ಬೇಡಿಕೆ.

ಜಮೀನಿನವರಿಗೂ ಒಂದು ಮಾತು. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಮಗಳ ಮದುವೆಗೋ ಮಗನ ಓದಿಗೋ ಪ್ಲಾಟು ಮಾರಬೇಕಾದವರಿಗೆ, ನಿಮ್ಮ ಹೊಲದಡಿ ಸುರಂಗ ಇದೆ, ಕಟ್ಟುವ ಹಾಗಿಲ್ಲ ಅಂತ ಸುಮ್ನೆ ಹೇಳಿ ಕೈತೊಳೆದುಕೊಂಡರೆ ಅವರು ರಾತ್ರೋರಾತ್ರಿ ಬಾಯಿ ಮುಚ್ಚುತ್ತಾರೆ. ಯಾರು ತಾನೇ ನಷ್ಟ ಮಾಡಿಕೊಳ್ಳುತ್ತಾರೆ? ಆದ್ದರಿಂದ ಅಧಿಕಾರಿಗಳಲ್ಲಿ ಮತ್ತೊಂದು ಕೋರಿಕೆ, ಬಾಯಿ ಇರುವ ಜಾಗಕ್ಕೆ ಪರಿಹಾರ ಕೊಡಿ, ಇಲ್ಲವೇ ಲೇಔಟಿನಲ್ಲಿ ಪಾರ್ಕಿಗೆ ಹೇಗೂ ಬಿಡಬೇಕಾದ ಜಾಗವನ್ನು ಕರೇಜ್ ಗೆರೆಯ ಮೇಲೆಯೇ ಬರುವಂತೆ ಮಾಡಿ. ಆಗ ಮಾಲೀಕರಿಗೆ ನಷ್ಟ ಇಲ್ಲ, ಬಡಾವಣೆಗೆ ಹಸಿರು ಜಾಗ ಸಿಗುತ್ತದೆ, ಸುರಂಗದ ಮೇಲೆ ಭಾರ ಬೀಳುವುದಿಲ್ಲ, ಮಳೆನೀರು ಇಂಗಲು ಮಣ್ಣೂ ಉಳಿಯುತ್ತದೆ. ಜಮೀನಿನವರು ಅಲ್ಲಿಯವರೆಗೆ ದಯವಿಟ್ಟು ಕಸ ಹಾಕಬೇಡಿ, ಹಾಕುವವರನ್ನು ತಡೆಯಿರಿ, ಬಾಯಿ ಮುಚ್ಚಲು ಟ್ರ್ಯಾಕ್ಟರ್ ಬಂದರೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಈ ಪತ್ರಕ್ಕೆ ಉತ್ತರ ಬರುವುದಾದರೆ ನನಗೊಬ್ಬರಿಗೆ ಬೇಡ, ಪತ್ರಿಕಾ ಪ್ರಕಟಣೆಯಲ್ಲಿ ಎಲ್ಲರಿಗೂ ತಿಳಿಯುವಂತೆ ಬರಲಿ. ಬೇರೇನೂ ಬೇಡ, ಸದ್ಯಕ್ಕೆ ಮೂರು ಸಂಗತಿ ಹೇಳಿ. ಕರೇಜಿನ ನಕ್ಷೆ ಯಾವ ಕಚೇರಿಯಲ್ಲಿದೆ? ಬಾಯಿ ಮುಚ್ಚುತ್ತಿದ್ದಾರೆ ಅಂತ ದೂರು ಕೊಡಲು ಯಾವ ಅಧಿಕಾರಿಯ ಹತ್ತಿರ ಹೋಗಬೇಕು? ಸರ್ವೆ ಯಾವ ತಿಂಗಳಲ್ಲಿ ಶುರುವಾಗುತ್ತದೆ? ಸರ್ವೆಗೆ ಬರುವ ಸಿಬ್ಬಂದಿಗೆ ಬಾಯಿಗಳ ಜಾಗ ತೋರಿಸಲು ನಾನೂ ಬರುತ್ತೇನೆ, ನೌಬಾದಿನ ಆ ಹಿರಿಯರೂ ಬರುತ್ತೇನೆ ಅಂದಿದ್ದಾರೆ.

ಇತಿ ನಿಮ್ಮ ವಿಶ್ವಾಸಿ,
ಬೀದರಿನ ಒಬ್ಬ ನಿವಾಸಿ